ಡಿಸ್ಟಿಲ್ಡ್ ವಾಟರಿನಲ್ಲಿ 400, ನಮ್ಮ ಬೋರಿನ ನೀರಿನಲ್ಲಿ 60

ಅಕ್ಕನ ಮಗಳ ತೊಟ್ಟಿಲ ಕಾರ್ಯಕ್ಕೆ ಊರಿಗೆ ಹೋಗಿದ್ದೆ. ಪಿಎಚ್‌.ಡಿ.ಗೆ ಸೇರಿ ಆಗಷ್ಟೇ ಎರಡು ತಿಂಗಳಾಗಿತ್ತು. ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೇಳಿದರು: "ಪಾಲಿಮರ್ ಅಂದ್ರ ಏನವಾ? ನಾಕೈದು ವರ್ಷ ಓದೂವಂಥಾದ್ದು ಅದರಾಗ ಏನೈತಿ?"

ಡ್ರಿಪ್ಪಿನ ಪೈಪು, ಬೋರಿನಿಂದ ತೊಟ್ಟಿಗೆ ಬರುವ ಪಿವಿಸಿ ಪೈಪು, ಗೊಬ್ಬರದ ಚೀಲ, ನೀವು ತೊಟ್ಟ ಟೆರಿಕಾಟ್ ಅಂಗಿ, ಎಲ್ಲಾ ಅದೇ ಅಪ್ಪಾ ಅಂದೆ. ಸಣ್ಣ ಅಣುಗಳು ಸಾವಿರಗಟ್ಟಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿ ಆಗುತ್ತವೆ ಎಂದೂ ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಒಳಗೆ ಹೋಗಿ ಅಕ್ಕನ ಚೀಲದಿಂದ ಹೊಸ ಡೈಪರ್ ಒಂದನ್ನು ತಂದು ಕತ್ತರಿಯಿಂದ ಸೀಳಿದೆ. ಹತ್ತಿಯಂಥ ಪದರವನ್ನು ಹಾಳೆಯ ಮೇಲೆ ಕೊಡವಿದರೆ ಸಕ್ಕರೆಯಂಥ ಬಿಳಿ ಕಾಳು ಉದುರಿದವು. ಒಂದು ಚಮಚ ಕಾಳನ್ನು ಲೋಟಕ್ಕೆ ಹಾಕಿ ಮೇಲೆ ನೀರು ಸುರಿದೆ. ಒಂದು ನಿಮಿಷ ಬಿಟ್ಟು ಲೋಟ ಬೋರಲು ಹಿಡಿದರೂ ಹನಿ ನೀರು ಕೆಳಗೆ ಬೀಳಲಿಲ್ಲ.

ಅಪ್ಪ ಲೋಟದೊಳಗೆ ಬೆರಳಿಟ್ಟು ನೋಡಿದರು. "ಕೂಸಿನ ಉಚ್ಚಿ ಹಿಡಿಯಾಕ ಇಷ್ಟ ಬುದ್ಧಿ ಖರ್ಚ ಮಾಡ್ಯಾರ. ಗಿಡದ ಬುಡಕ್ಕ ಹಾಕಬಾರದೇನ?"

ನನ್ನ ವಿಷಯ ಇನ್ನೂ ನಿಗದಿಯಾಗಿರಲಿಲ್ಲ. ವಾಪಸ್ಸು ಹೋಗಿ ಗೈಡ್ ಮೇಡಂ ಹತ್ತಿರ ಈ ಮಾತನ್ನೇ ಇಟ್ಟೆ. ಅಪ್ಪನಿಗೆ ಹೊಳೆದದ್ದು ಬೇರೆಯವರಿಗೂ ಹೊಳೆದಿತ್ತು. ನೋಡಿದರೆ ಕಥೆ ಶುರುವಾಗಿದ್ದೇ ಕೃಷಿಯಿಂದ. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಅಲ್ಲಿನ ಕೃಷಿ ಇಲಾಖೆಯ ಪ್ರಯೋಗಾಲಯವಿದೆ. ಅಲ್ಲಿಯವರು ಮೆಕ್ಕೆಜೋಳದ ಪಿಷ್ಟಕ್ಕೆ ಅಕ್ರಿಲೋನೈಟ್ರೈಲ್ ಸರಪಳಿಗಳನ್ನು ಕಸಿ ಮಾಡಿ, ಕ್ಷಾರದಲ್ಲಿ ಕುದಿಸಿ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ವಸ್ತು ಮಾಡಿದ್ದರು. 1970ರ ದಶಕದಲ್ಲಿ ಅದು ಸೂಪರ್ ಸ್ಲರ್ಪರ್ ಅಂತ ಹೆಸರಾಯಿತು. ಡೈಪರಿಗೆ ಈ ಜಾತಿಯ ವಸ್ತು ಹೋದದ್ದು ಆಮೇಲೆ. ನಮ್ಮಲ್ಲೇ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಸೆಲ್ಯುಲೋಸ್ ಆಧಾರದ ಪೂಸಾ ಹೈಡ್ರೋಜೆಲ್ ತಯಾರಿಸಿದೆ. ಮೇಡಂ ಇದೆಲ್ಲ ಓದಿಸಿ, "ಪಿಷ್ಟ ಬೇಡ, ಗ್ವಾರ್ ಗಮ್ ಹಿಡಿ" ಅಂದರು. ಗ್ವಾರ್ ಅಂದರೆ ನಮ್ಮ ಚವಳಿಕಾಯಿ. ಅದರ ಬೀಜದ ಬೇಳೆಯೊಳಗಿನ ಗೋಂದು ನನ್ನ ಸರಪಳಿಗಳಿಗೆ ಬೆನ್ನೆಲುಬಾಗಬೇಕು.

ಮಾಡುವ ಕ್ರಮ ಕಾಗದದ ಮೇಲೆ ಸುಲಭ. ಗ್ವಾರ್ ಗಮ್ಮನ್ನು ನೀರಿನಲ್ಲಿ ಕದಡಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಜುಣಕಕ್ಕೆ ಕಡಲೆಹಿಟ್ಟು ಉದುರಿಸಿದ ಹಾಗೆ ಉದುರಿಸಬೇಕು. ಸರಪಳಿ ಕಟ್ಟುವ ಸಣ್ಣ ಅಣುವಾದ ಅಕ್ರಿಲಿಕ್ ಆಮ್ಲವನ್ನು ಐಸಿನಲ್ಲಿಟ್ಟು ಹನಿಹನಿಯಾಗಿ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಶೇ. 70ರಷ್ಟು ತಟಸ್ಥ ಮಾಡಬೇಕು. ಐಸು ಯಾಕೆಂದರೆ ಅವೆರಡೂ ಸೇರಿದಾಗ ಹುಟ್ಟುವ ಕಾವಿಗೇ ಆಮ್ಲ ಸರಪಳಿ ಕಟ್ಟಲು ಶುರುಮಾಡಬಹುದು. ಎರಡನ್ನೂ ಕೂಡಿಸಿ, ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಹೊಲಿಯಲು ಮೀಥೈಲೀನ್ ಬಿಸ್‌ಅಕ್ರಿಲಮೈಡ್ ಎಂಬ ಕ್ರಾಸ್‌ಲಿಂಕರ್ ಚಿಟಿಕೆಯಷ್ಟು ಹಾಕಬೇಕು. ಅದನ್ನು ಲ್ಯಾಬಿನಲ್ಲಿ ಎಲ್ಲರೂ ಎಂಬಿಎ ಅನ್ನುತ್ತಾರೆ. ಅರ್ಧ ತಾಸು ನೈಟ್ರೋಜನ್ ಗುಳ್ಳೆ ಬಿಟ್ಟು, 65 ಡಿಗ್ರಿಗೆ ಏರಿಸಿ, ಪೊಟ್ಯಾಸಿಯಂ ಪರ್ಸಲ್ಫೇಟ್ ಹಾಕಿದರೆ ಅದು ಬಿಸಿಗೆ ಒಡೆದು ಸರಪಳಿ ಶುರುಮಾಡುವ ಚುರುಕು ತುಣುಕುಗಳನ್ನು, ಅಂದರೆ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಅಲ್ಲಿಂದ ಮುಂದಿನ ಕೆಲಸವನ್ನು ಅಣುಗಳೇ ಮಾಡಿಕೊಳ್ಳುತ್ತವೆ.

ನನ್ನ ಮೊದಲ ಮೂರು ಬ್ಯಾಚುಗಳಲ್ಲಿ ಏನೂ ಆಗಲಿಲ್ಲ. ನಾಲ್ಕು ತಾಸು ಕಾದರೂ ಬೀಕರಿನಲ್ಲಿ ತಿಳಿ ಗಂಜಿಯಂಥ ನೀರೇ. ಅಕ್ರಿಲಿಕ್ ಆಮ್ಲದ ಘಾಟು ಮಾತ್ರ ಮೂಗಿನಿಂದ ಹೋಗಲೊಲ್ಲದು. ಪರ್ಸಲ್ಫೇಟ್ ಹಳೆಯದಿರಬಹುದೆಂದು ಹೊಸ ಡಬ್ಬಿ ತೆಗೆದೆ. ಬಾಟಲಿಯಲ್ಲಿ ಕೆಡದಂತೆ ಆಮ್ಲಕ್ಕೆ ಬೆರೆಸಿರುವ ಇನ್‌ಹಿಬಿಟರ್ ಕಾರಣವಿರಬಹುದೆಂದು ಅದನ್ನು ವ್ಯಾಕ್ಯೂಮಿನಲ್ಲಿ ಬಟ್ಟಿ ಇಳಿಸಿದೆ. ಕೊನೆಗೆ ನಮ್ಮ ಲ್ಯಾಬ್ ಅಟೆಂಡರ್ ಅಣ್ಣಾರು ನೈಟ್ರೋಜನ್ ನಳಿಕೆಯ ಜೋಡಣೆಗೆ ಸಾಬೂನಿನ ನೀರು ಹಚ್ಚಿ ತೋರಿಸಿದರು: ಪುಳುಪುಳು ಗುಳ್ಳೆ. ನೈಟ್ರೋಜನ್ ಬೀಕರಿಗೆ ಹೋಗುವ ಮೊದಲೇ ಹೊರಗೆ ಹೋಗುತ್ತಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕ ಉಳಿದರೆ, ಹುಟ್ಟಿದ ರ‍್ಯಾಡಿಕಲ್‌ಗಳನ್ನು ಅದು ಹುಟ್ಟಿದಲ್ಲೇ ಹಿಡಿದುಕೊಳ್ಳುತ್ತದೆ. ಪೆರಾಕ್ಸಿ ರ‍್ಯಾಡಿಕಲ್ ಆಗಿ ಅವು ಸುಸ್ತಾಗುತ್ತವೆ, ಸರಪಳಿ ಬೆಳೆಯುವುದಿಲ್ಲ. ಇದನ್ನು ಎಂ.ಎಸ್ಸಿ.ಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅರ್ಥವಾದದ್ದು ಆ ಗುಳ್ಳೆ ಕಂಡಾಗ.

ನಾಲ್ಕನೆಯ ಬ್ಯಾಚಿನ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಲಕಲು ಹಾಕಿದ ಮ್ಯಾಗ್ನೆಟಿಕ್ ಬೀಡ್ ಬೀಕರಿನ ತಳದಲ್ಲಿ ಗಿರಗಿರ ತಿರುಗುತ್ತಿತ್ತು, ಮೇಲೆ ಸುಳಿ ಬಿದ್ದಿತ್ತು. ಹನ್ನೆರಡನೆಯ ನಿಮಿಷಕ್ಕೆ ಸುಳಿ ಕಿರಿದಾಯಿತು. ಹದಿನಾಲ್ಕಕ್ಕೆ ಸುಳಿ ಇಲ್ಲ, ಮೇಲ್ಮೈ ಕನ್ನಡಿಯ ಹಾಗೆ ಸಪಾಟು. ಬೀಡ್ ಒಮ್ಮೆ ತಡವರಿಸಿತು, ಮತ್ತೆ ತಿರುಗಲು ನೋಡಿತು, ಟಕ್ ಟಕ್ ಎಂದು ಎರಡು ಸಲ ಅಲುಗಾಡಿ ನಿಂತುಬಿಟ್ಟಿತು. ಬೀಕರ್ ಎತ್ತಿ ಓರೆ ಮಾಡಿದೆ. ಒಳಗಿನ ನೀರು ನೀರಾಗಿ ಉಳಿದಿರಲಿಲ್ಲ. ಬೀಡ್ ಅದರ ನಡುವೆ, ಗಾಜಿನೊಳಗಿನ ಬಿಳಿ ಕಾಳಿನಂತೆ, ಸಿಕ್ಕಿಕೊಂಡು ನಿಂತಿತ್ತು. ಕೋಟ್ಯಂತರ ಸರಪಳಿಗಳು ಒಂದಕ್ಕೊಂದು ಹೊಲಿದುಕೊಂಡು ಇಡೀ ಬೀಕರಿನ ತುಂಬ ಒಂದೇ ಅಣು ಆದ ಗಳಿಗೆ ಅದು. ಪಾಲಿಮರುಗಳು ಹೀಗೆ ಗಟ್ಟಿ ಬಂಧದಿಂದ ಬೆಸೆದ ದೈತ್ಯ ಅಣುಗಳು ಎಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಬರೆದಾಗ ಆ ಕಾಲದ ಅನೇಕ ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಸಣ್ಣ ಅಣುಗಳು ಗುಂಪುಗೂಡಿವೆ ಅಷ್ಟೇ ಅಂದರು. ಸ್ಟೌಡಿಂಗರ್ ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ. ನಿಂತುಹೋದ ಆ ಬೀಡ್ ನೋಡುತ್ತಾ ನನಗೆ ಆ 33 ವರ್ಷಗಳು ನೆನಪಾದವು.

ಆತುರದಿಂದ ಒಂದು ತಪ್ಪನ್ನೂ ಮಾಡಿದೆ. ಒಂದೇ ಸಲಕ್ಕೆ ಹೆಚ್ಚು ಜೆಲ್ ಸಿಗಲಿ ಎಂದು ಆಮ್ಲದ ಪ್ರಮಾಣ ಏರಿಸಿದೆ. ದ್ರವ ದಪ್ಪಗಾದಂತೆ ಬೆಳೆಯುತ್ತಿರುವ ಸರಪಳಿಯ ತುದಿಗಳು ಒಂದನ್ನೊಂದು ಸಂಧಿಸಿ ಮುಗಿಯಲಾರವು. ಇನ್ನೂ ಸರಪಳಿಗೆ ಸೇರದ ಸಣ್ಣ ಅಣು, ಅಂದರೆ ಮಾನೊಮರ್, ಮಾತ್ರ ಸಲೀಸಾಗಿ ಅವುಗಳ ಬಳಿ ಬರುತ್ತಲೇ ಇರುತ್ತದೆ. ಹಾಗಾಗಿ ಕ್ರಿಯೆ ನಿಧಾನವಾಗುವ ಬದಲು ಓಡತೊಡಗುತ್ತದೆ, ಹುಟ್ಟಿದ ಕಾವಿಗೆ ಹೊರಗೆ ದಾರಿ ಸಿಗುವುದಿಲ್ಲ. ಥರ್ಮಾಮೀಟರು ನೋಡುನೋಡುತ್ತಿದ್ದಂತೆ 100 ಡಿಗ್ರಿ ದಾಟಿತು. ಜೆಲ್ ಬುರುಬುರು ಉಬ್ಬಿ ಬೀಕರಿನಿಂದ ಹೊರಬಂತು, ಗಾಜು ಸೀಳಿತು. ಹೊಗೆ ಹೊರಗೆಳೆಯುವ ಗೂಡಿನ, ಅಂದರೆ ಫ್ಯೂಮ್ ಹುಡ್ಡಿನ, ಗಾಜು ಕೆಳಗೆ ಇಳಿಸಿದ್ದರಿಂದ ನನಗೆ ಏನೂ ಆಗಲಿಲ್ಲ. ಈ ಕೆಲಸಕ್ಕೆ ಕೈಹಾಕುವ ಜೂನಿಯರ್‌ಗಳಿಗೆ ನಾನು ಮೊದಲು ಹೇಳುವುದೇ ಇದು: ಗಾಜು ಇಳಿಸಿ, ಆಮೇಲೆ ಪರ್ಸಲ್ಫೇಟ್ ಹಾಕಿ.

ಮುಂದಿನದು ಬೇಸರದ ದುಡಿಮೆ. ಜೆಲ್ಲನ್ನು ಕತ್ತರಿಸಿ, ಪ್ರತಿಕ್ರಿಯಿಸದೆ ಉಳಿದ ಮಾನೊಮರ್ ಹೋಗುವಂತೆ ಮೆಥನಾಲಿನಲ್ಲಿ ತೊಳೆದು, ಓವನ್‌ನಲ್ಲಿ 60 ಡಿಗ್ರಿಗೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯುವುದು. ಸರಪಳಿ ನಿಜಕ್ಕೂ ಗೋಂದಿಗೆ ಕಸಿಯಾಗಿದೆಯೇ ಎಂದು ಅವಕೆಂಪು ಬೆಳಕಿನ ಪರೀಕ್ಷೆ, ಅಂದರೆ ಐಆರ್, ತೆಗೆಸಲು ಸರದಿ ಕಾಯುವುದು. ಎಂಬಿಎ ಎಷ್ಟಿರಬೇಕು ಎಂದು ಹುಡುಕಲೇ ಒಂದು ವರ್ಷ ಹಿಡಿಯಿತು. ಅದನ್ನು ಅವ್ವನಿಗೆ ಕೌದಿಯ ಲೆಕ್ಕದಲ್ಲಿ ಹೇಳುತ್ತಿದ್ದೆ. ಹೊಲಿಗೆ ಒತ್ತೊತ್ತಾಗಿ ಹಾಕಿದರೆ ಕೌದಿ ಉಬ್ಬುವುದಿಲ್ಲ, ದೂರದೂರ ಹಾಕಿದರೆ ಒಳಗಿನ ಬಟ್ಟೆ ಜಾರಿ ಒಂದು ಕಡೆ ಕೂಡುತ್ತದೆ. ಜೆಲ್ಲಿಗೂ ಹಾಗೇ, ಹೊಲಿಗೆ ಹೆಚ್ಚಾದರೆ ನೀರಿಗೆ ಜಾಗವಿಲ್ಲ, ಕಡಿಮೆಯಾದರೆ ಲೋಳೆ. ನೀರು ಒಳನುಗ್ಗುವ ಬಲಕ್ಕೂ ಸರಪಳಿ ಹಿಂದಕ್ಕೆಳೆಯುವ ಬಲಕ್ಕೂ ನಡುವಿನ ಈ ತೂಗುವಿಕೆಯನ್ನು ಪಾಲ್ ಫ್ಲೋರಿ ಮತ್ತು ಜಾನ್ ರೆಹ್ನರ್ 1943ರಲ್ಲೇ ಸಮೀಕರಣಕ್ಕೆ ಇಳಿಸಿದ್ದಾರೆ.

ಅಳೆಯುವ ವಿಧಾನಕ್ಕೆ ಟೀ ಬ್ಯಾಗ್ ಅನ್ನುತ್ತಾರೆ. ನೈಲಾನ್ ಜಾಳಿಗೆಯ ಪುಟ್ಟ ಚೀಲದಲ್ಲಿ 0.1 ಗ್ರಾಂ ಪುಡಿ ಹಾಕಿ ನೀರಿನಲ್ಲಿ ಇಳಿಬಿಟ್ಟು, ಸೋರುವುದು ನಿಂತ ಮೇಲೆ ತೂಗಬೇಕು. ಎರಡನೆಯ ವರ್ಷದ ಕೊನೆಗೆ ನನ್ನ 0.1 ಗ್ರಾಂ ಪುಡಿ 40 ಗ್ರಾಮಿನ ಸುತ್ತಮುತ್ತ ತೂಗಿತು. 400 ಪಟ್ಟು. ನೆನೆಸಿದ ಸಾಬೂದಾಣಿಯಂಥ, ಬೆಳಕಿಗೆ ಹಿಡಿದರೆ ಕಾಣದಷ್ಟು ತಿಳಿಯಾದ ಕಾಳು. ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ.

"ಛಲೋ ಆತು. ಯಾ ನೀರಾಗ ನೆನಸಿದಿ?"

"ಡಿಸ್ಟಿಲ್ಡ್ ವಾಟರಿನ್ಯಾಗ ಅಪ್ಪಾ. ಬ್ಯಾಟರಿಗೆ ಹಾಕ್ತಾರಲ್ಲಾ, ಅಂಥಾದ್ದು."

"ನಮ್ಮ ಹೊಲದಾಗ ಬ್ಯಾಟರಿ ನೀರು ಎಲ್ಲೈತವಾ?"

ಮುಂದಿನ ವಾರ ಊರಿನಿಂದ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಐದು ಲೀಟರಿನ ಎಣ್ಣೆ ಕ್ಯಾನಿನಲ್ಲಿ ಬೋರಿನ ನೀರು ಬಂತು. ನಮ್ಮದು ಮುಂಡರಗಿ ಕಡೆ. ಅಲ್ಲಿಯ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕೊಡದ ಕಂಠಕ್ಕೆ ಬಿಳಿ ಗಾರು ಕಟ್ಟುತ್ತದೆ, ಫ್ಲೋರೈಡ್ ಬೇರೆ. ಚೀಲ ಇಳಿಬಿಟ್ಟೆ, ಮರುದಿನ ತೂಗಿದೆ. 6 ಗ್ರಾಂ. ತಕ್ಕಡಿ ಸೊನ್ನೆ ಮಾಡಿ ಮತ್ತೆ ತೂಗಿದೆ. 6 ಗ್ರಾಂ. ಅದೇ ಕಾಳನ್ನು ಹೊರತೆಗೆದು ಒಣಗಿಸಿ ಮತ್ತೊಮ್ಮೆ ಅದೇ ನೀರಿನಲ್ಲಿ ನೆನೆಸಿದರೆ ಅದಕ್ಕಿಂತ ಕಡಿಮೆ. ಮೂರನೆಯ ಸಲಕ್ಕೆ 40 ಪಟ್ಟಿನ ಹತ್ತಿರ ಬಂದು ನಿಂತಿತು. ಕಾಳು ಮೃದುವಾಗಿರಲಿಲ್ಲ, ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಪುಟಿಯುತ್ತಿತ್ತು.

ಎರಡು ವರ್ಷದ ಕೆಲಸ ಅದು. ಆ ದಿನ ಹಾಸ್ಟೆಲಿಗೆ ಹೋಗಿ ಊಟ ಮಾಡದೆ ಮಲಗಿದೆ.

ಕಾರಣ ಗೊತ್ತಿಲ್ಲದ್ದೇನಲ್ಲ. ಸರಪಳಿಯ ಮೈತುಂಬ ಋಣ ವಿದ್ಯುದಂಶದ ಕಾರ್ಬಾಕ್ಸಿಲೇಟ್ ಗುಂಪುಗಳು, ಅವಕ್ಕೆ ಜೋಡಿಯಾಗಿ ಒಳಗೇ ಸಿಕ್ಕಿಬಿದ್ದ ಸೋಡಿಯಂ ಅಯಾನುಗಳು. ಒಳಗೆ ಅಯಾನು ಹೆಚ್ಚು, ಹೊರಗಿನ ಶುದ್ಧ ನೀರಿನಲ್ಲಿ ಇಲ್ಲವೇ ಇಲ್ಲ. ಆ ಅಂತರವನ್ನು ಸರಿದೂಗಿಸಲೆಂದೇ ನೀರು ಒಳಗೆ ನುಗ್ಗುತ್ತದೆ. ಹೊರಗಿನ ನೀರೇ ಉಪ್ಪಾಗಿದ್ದರೆ ಅಂತರ ಉಳಿಯುವುದಿಲ್ಲ, ಸೆಳೆತವೂ ಇಲ್ಲ. ಕ್ಯಾಲ್ಸಿಯಂ ಇದ್ದರೆ ಇನ್ನೂ ಕಷ್ಟ. ಅದಕ್ಕೆ ಎರಡು ಕೈ. ಒಂದರಿಂದ ಈ ಸರಪಳಿ, ಇನ್ನೊಂದರಿಂದ ಆ ಸರಪಳಿ ಹಿಡಿದು ನಾವು ಹಾಕದ ಹೊಲಿಗೆಗಳನ್ನು ತಾನೇ ಹಾಕುತ್ತದೆ. ಉಪ್ಪು ಮತ್ತು ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣಗಳನ್ನು ಬೇರೆಬೇರೆ ಮಾಡಿ ಪರೀಕ್ಷಿಸಿದೆ. ಉಪ್ಪುನೀರಿನಲ್ಲಿ ಕುಗ್ಗಿದ ಕಾಳನ್ನು ಡಿಸ್ಟಿಲ್ಡ್ ನೀರಿಗೆ ಹಾಕಿದರೆ ಮತ್ತೆ ಅರಳಿತು. ಕ್ಯಾಲ್ಸಿಯಂ ಹಿಡಿದದ್ದು ಮೊದಲಿನ ಗಾತ್ರಕ್ಕೆ ಬರಲೇ ಇಲ್ಲ.

ನನ್ನನ್ನು ಬಹಳ ದಿನ ಕಾಡಿದ್ದು ಬೇರೆ. ಡೈಪರ್ ಮಾಡುವವರು ತಮ್ಮ ಪಾಲಿಮರನ್ನು ಶೇ. 0.9ರ ಉಪ್ಪುನೀರಿನಲ್ಲಿ ಅಳೆಯುತ್ತಾರೆ. ಮೂತ್ರ ಉಪ್ಪು ಎಂದು ಅವರಿಗೆ ಗೊತ್ತು. ಮೇಲೆ ಕೂಸು ಕೂತಾಗಲೂ ನೀರು ಹೊರಬರಬಾರದೆಂದು ಭಾರ ಹೇರಿಯೂ ಅಳೆಯುತ್ತಾರೆ, ಕಾಳಿನ ಹೊರಮೈಗೆ ಮತ್ತೊಂದು ಪದರ ಹೊಲಿಗೆ ಹಾಕುತ್ತಾರೆ. ಹೊಲಕ್ಕೆಂದು ಮಾಡುವ ನಾವು? ನಾನು ಓದಿದ ಎಷ್ಟೋ ಪ್ರಬಂಧಗಳ ತಲೆಬರಹದಲ್ಲಿ ಇದ್ದದ್ದು ಡಿಸ್ಟಿಲ್ಡ್ ನೀರಿನ ಅಂಕಿ. ಸಾವಿರ ಪಟ್ಟು ಎಂದು ಬರೆದವೂ ಇವೆ. ಮಣ್ಣಿನಲ್ಲಿ ಉಪ್ಪಿದೆ, ಸುಣ್ಣವಿದೆ, ಮೇಲಿನಿಂದ ಮಣ್ಣಿನ ಭಾರವಿದೆ. ಹೊಲದ ನೀರಿನಲ್ಲಿ ಅಳೆಯದೆ ಬರೆದ ಅಂಕಿಯನ್ನು ರೈತನ ಮುಂದೆ ಇಡುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೇಡಂ ಕೂಡ ಆ ದಿನ ಹೇಳಿದ್ದು ಒಂದೇ ಮಾತು: "ಎರಡೂ ಅಂಕಿ ಒಂದೇ ಟೇಬಲ್ಲಿನಲ್ಲಿ, ಅಕ್ಕಪಕ್ಕ ಬರಬೇಕು."

ಪಾಕ ಬದಲಾಯಿಸಿದೆ. ಅಕ್ರಿಲಿಕ್ ಆಮ್ಲದ ಒಂದಷ್ಟು ಭಾಗದ ಜಾಗಕ್ಕೆ ಅಕ್ರಿಲಮೈಡ್ ತಂದೆ. ಅದಕ್ಕೆ ವಿದ್ಯುದಂಶವಿಲ್ಲ, ಉಪ್ಪಿನ ಅಂಜಿಕೆಯೂ ಕಡಿಮೆ. ಸಲ್ಫೋನೇಟ್ ಗುಂಪಿರುವ ಎಎಂಪಿಎಸ್ ಎಂಬ ಮಾನೊಮರನ್ನೂ ಸೇರಿಸಿದೆ. ಅದು ಕ್ಯಾಲ್ಸಿಯಂನ ಕೈಯನ್ನು ಕಾರ್ಬಾಕ್ಸಿಲೇಟಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಿಡಿದೆ. ಸವಳು ಬಿದ್ದ ಹೊಲ ಕಂಡವರಿಗೆ ಯಾಕೆಂದು ಹೇಳಬೇಕಿಲ್ಲ. ಮಣ್ಣಿಗೆ ಸೋಡಿಯಂ ಸೇರಿಸಿ ನೀರು ಉಳಿಸುವುದರಲ್ಲಿ ಅರ್ಥವಿಲ್ಲ. ಹೊಸ ಜೆಲ್ ಡಿಸ್ಟಿಲ್ಡ್ ನೀರಿನಲ್ಲಿ 220 ಪಟ್ಟು ಮಾತ್ರ ಹೀರಿತು, ಆದರೆ ನಮ್ಮ ಬೋರಿನ ನೀರಿನಲ್ಲಿ 90. ಮೂರನೆಯ ಸಲ ನೆನೆಸಿದಾಗಲೂ 80ಕ್ಕಿಂತ ಕೆಳಗೆ ಇಳಿಯಲಿಲ್ಲ.

ಅಕ್ರಿಲಮೈಡ್ ತಂದ ಮೇಲೆ ತೊಳೆಯುವ ಕೆಲಸ ದುಪ್ಪಟ್ಟಾಯಿತು. ಸರಪಳಿಯೊಳಗೆ ಸೇರಿದ ಅಕ್ರಿಲಮೈಡ್ ತೊಂದರೆ ಕೊಡುವಂಥದ್ದಲ್ಲ, ಸೇರದೆ ಉಳಿದ ಮಾನೊಮರ್ ನರಗಳಿಗೆ ವಿಷ. ಪ್ರತಿ ಬ್ಯಾಚಿನ ತೊಳೆದ ನೀರನ್ನು, ಕರಗಿದ್ದನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ನೋಡಿ, ಅಕ್ರಿಲಮೈಡಿನ ಗುರುತಾದ ಶಿಖರ ಮರೆಯಾದ ಮೇಲೆಯೇ ಕುಂಡದ ಮಣ್ಣಿಗೆ ಹಾಕಿದೆ.

ಕುಂಡಗಳ ಪ್ರಯೋಗಕ್ಕೆ ಎರಡು ಬಗೆಯ ಮಣ್ಣು ತರಿಸಿದೆ: ನಮ್ಮ ಹೊಲದ ಮಸಾರಿ ಅಂದರೆ ಕೆಂಪು ಮಣ್ಣು, ನವಲಗುಂದದ ಕಡೆಯ ಎರಿ ಅಂದರೆ ಕಪ್ಪು ಮಣ್ಣು. ಎಲ್ಲದರಲ್ಲೂ ಮೆಣಸಿನ ಅಗಿ ಹಚ್ಚಿ, ಬೇರು ಹಿಡಿದ ಮೇಲೆ ನೀರು ನಿಲ್ಲಿಸಿದೆ. ಏಪ್ರಿಲ್ ಬಿಸಿಲು. ಜೆಲ್ ಇಲ್ಲದ ಮಸಾರಿಯ ಗಿಡಗಳು ಐದನೆಯ ದಿನಕ್ಕೆ ಎಲೆ ಜೋತು ಹಾಕಿದವು. ಜೆಲ್ ಇದ್ದವು ಎಂಟರವರೆಗೆ ತಡೆದವು. ಎರಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಿಯ ಜೇಡಿಯೇ ನೀರು ಕುಡಿದು ಉಬ್ಬುವಂಥದ್ದು, ಅದಕ್ಕೆ ನಮ್ಮ ಜೆಲ್ ಬೇಕಿಲ್ಲ. ಒಂದು ಮಸಾರಿ ಕುಂಡವನ್ನು ಒಡೆದು ಬೇರನ್ನು ಮೆಲ್ಲಗೆ ತೊಳೆದೆ. ಬಿಳಿ ಎಳೆಬೇರುಗಳು ಜೆಲ್ಲಿನ ಕಾಳುಗಳ ನಡುವೆ ಹಾದು, ಕೆಲವು ಕಾಳನ್ನೇ ತೂರಿಕೊಂಡು ಆಚೆ ಬಂದಿದ್ದವು. ಜಪಮಣಿ ಪೋಣಿಸಿದ ದಾರದ ಹಾಗೆ. ಆ ಫೋಟೋ ನನ್ನ ಪ್ರಬಂಧದ ಮೊದಲ ಪುಟದಲ್ಲಿದೆ.

ಎಕರೆಗೆ ಎಷ್ಟು ಹಾಕಬೇಕು ಎಂದು ಅಪ್ಪ ಕೇಳಿದಾಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಎಕರೆಗೆ 2 ಕಿಲೋ ಜೆಲ್ ಬಿತ್ತಿದಂತೆ ಎರಚಿದರೆ, 90 ಪಟ್ಟಿನ ಲೆಕ್ಕಕ್ಕೆ ಅದು ಒಂದು ಸಲಕ್ಕೆ ಹಿಡಿಯುವುದು 180 ಲೀಟರ್. ಮಳೆಯ ಲೆಕ್ಕದಲ್ಲಿ ಅದು ಒಂದು ತುಂತುರೂ ಅಲ್ಲ. ಅಪ್ಪ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತರು. ಆಮೇಲೆ ಗುಂಡಿಯ ಲೆಕ್ಕ ಹಾಕಿದೆವು. ಒಂದು ಗಿಡದ ಬುಡಕ್ಕೆ 2 ಗ್ರಾಂ ಹಾಕಿದರೆ ಅದು 180 ಮಿಲಿಲೀಟರ್, ಒಂದು ಲೋಟ ನೀರು, ಬೇರಿನ ಬಾಯಿಯ ಹತ್ತಿರವೇ. ಪ್ರತಿ ಮಳೆಗೂ, ಪ್ರತಿ ಡ್ರಿಪ್ಪಿಗೂ ಮತ್ತೆ ತುಂಬಿಕೊಳ್ಳುತ್ತದೆ. ಸಸಿ ನೆಟ್ಟ ಹೊಸತರಲ್ಲಿ, ಬೇರು ಇನ್ನೂ ಆಳಕ್ಕೆ ಇಳಿಯದಿದ್ದಾಗ, ಮಳೆ ನಾಲ್ಕು ದಿನ ತಡವಾದರೆ ಆ ಲೋಟ ಬೇಕಾಗುತ್ತದೆ. ಹೊಲಕ್ಕೆಲ್ಲ ಎರಚಿ ಎಂದು ಹೇಳುವವರ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಮಸಾರಿಯಲ್ಲಿ, ಗುಂಡಿಯಲ್ಲಿ, ಬೇರಿನ ಪಕ್ಕ ಎಂದರೆ ಒಪ್ಪುತ್ತೇನೆ.

ಕಳೆದ ಮುಂಗಾರಿಗೆ ಹೊಲದಲ್ಲಿ ಎರಡು ಸಾಲಿಗೆ ಜೆಲ್ ಹಾಕಿ ಮೆಣಸಿನ ಗಿಡ ನೆಟ್ಟೆವು, ಪಕ್ಕದ ಎರಡು ಸಾಲು ಹಾಗೆಯೇ. ಮಳೆ ಚೆನ್ನಾಗಿ ಬಂದದ್ದರಿಂದ ಸಾಲುಗಳ ನಡುವೆ ಫರಕು ಕಾಣಲಿಲ್ಲ, ಅದನ್ನೂ ಹಾಗೇ ಬರೆದುಕೊಂಡಿದ್ದೇನೆ. ಕಾಯಿ ಬಿಡಿಸಿದ ಮೇಲೆ ನಾಲ್ಕು ಗಿಡ ಕಿತ್ತು ಬುಡದ ಮಣ್ಣು ಜರಡಿ ಹಿಡಿದೆ. ಕಾಳುಗಳು ಸಿಕ್ಕವು, ಕುಗ್ಗಿ, ಮಣ್ಣು ಮೆತ್ತಿ, ಕಂದು ಬಣ್ಣ ತಿರುಗಿದ್ದವು. ತೊಳೆದು ಒಣಗಿಸಿ ಟೀ ಬ್ಯಾಗಿಗೆ ಹಾಕಿ ಅದೇ ಬೋರಿನ ನೀರಿಗೆ ಇಳಿಬಿಟ್ಟೆ. 50 ಪಟ್ಟು. ಗೋಂದಿನ ಭಾಗವನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಇಂಗಾಲ ಇಂಗಾಲಕ್ಕೆ ಬೆಸೆದ ಅಕ್ರಿಲೇಟ್ ಸರಪಳಿ ಅವಕ್ಕೆ ಸುಲಭದ ತುತ್ತಲ್ಲ. ಡ್ರಿಪ್ಪಿನ ಪೈಪು ಬಿಸಿಲಿಗೆ ಒಡೆಯದಿರಲೆಂದು ಅದರಲ್ಲಿ ಕಾರ್ಬನ್ ಬ್ಲ್ಯಾಕ್ ಬೆರೆಸಿ ಬಾಳಿಕೆ ಹೆಚ್ಚಿಸುತ್ತಾರೆ, ಪೈಪು ಕಪ್ಪಗಿರುವುದು ಅದಕ್ಕೇ. ನನ್ನ ಕಾಳು ಅದಕ್ಕೆ ತದ್ವಿರುದ್ಧ. ತನ್ನ ಕೆಲಸ ಮುಗಿಸಿ ಮಣ್ಣಿನಲ್ಲಿ ಮಣ್ಣಾಗಬೇಕು. ಈಗ ಗೋಂದಿನ ಪಾಲು ಹೆಚ್ಚಿಸಿ, ಅಕ್ರಿಲೇಟನ್ನು ಎಷ್ಟರ ಮಟ್ಟಿಗೆ ಇಳಿಸಬಹುದು ಎಂದು ನೋಡುತ್ತಿದ್ದೇನೆ. ಹಿಗ್ಗುವುದು ಕಡಿಮೆಯಾಗುತ್ತಿದೆ, ಆದರೂ ಬಿಟ್ಟಿಲ್ಲ.

ಹೋದ ವಾರ ಊರಿಗೆ ಹೋಗಿದ್ದಾಗ ಕಟ್ಟೆಯ ಮೇಲೆ ಏಳು ನೀರಿನ ಬಾಟಲಿ ಸಾಲಾಗಿ ಇಟ್ಟಿದ್ದವು. ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಹೆಸರು: ಕೆರೆ ಕೆಳಗಿನ ಬೋರು, ಗುಡ್ಡದ ಮಗ್ಗುಲಿನದು, ಹಳೇ ಬಾವಿ. ಅಕ್ಕಪಕ್ಕದ ಹೊಲದವರು ಕೊಟ್ಟು ಹೋಗಿದ್ದರಂತೆ. ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಅಪ್ಪ ಚೀಲವನ್ನು ನನ್ನ ಕಾಲ ಹತ್ತಿರ ಸರಿಸಿ, "ಹಳೇ ಬಾವೀದು ಮೊದ್ಲ ನೋಡವಾ, ಅಂವ ದಿನಾ ಕೇಳ್ತಾನ" ಅಂದರು. ಹಳೇ ಬಾವಿಯ ನೀರಿನಲ್ಲಿ ಈಗ ಟೀ ಬ್ಯಾಗ್ ಇಳಿಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ತೂಗಬೇಕು.